ಒಂಬತ್ತನೇ ಕ್ರೇಟು

ಕೋಲಾರದ ಟೊಮೇಟೊ ಮಂಡಿ. ಬೆಳಗಿನ ಜಾವ ಮೂರೂವರೆ.
ವೇಬ್ರಿಡ್ಜು ಮತ್ತೆ ಸತ್ತಿದೆ,
ಲಾರಿಗಳ ಸಾಲು ಗೇಟು ದಾಟಿ ರಸ್ತೆಗಿಳಿದಿದೆ.
ತೊಡೆಯ ಮೇಲೆ ಲ್ಯಾಪ್‌ಟಾಪು,
ಅದರೊಳಗೆ ನಾನೇ ಬರೆದ ಡ್ರೈವರು.

ಹಮಾಲಿ ಚಿಕ್ಕಮುನಿಸ್ವಾಮಿ ಕ್ರೇಟು ಪೇರಿಸುತ್ತಾನೆ:
ಎಂಟು. ಅಷ್ಟೇ.
ಕೊನೆಗೆ ಏರಿದ್ದು ಮೊದಲು ಇಳಿಯುತ್ತದೆ,
ಚೀಟಿ ಬೇಡ, ಲೆಕ್ಕ ಬೇಡ.
"ಒಂಬತ್ತಿಟ್ರೆ?"
"ಬಿದ್ರೆ ಒಡೆಯೋದು ಪಕ್ಕದೋರ ಹಣ್ಣು, ಸಾ."

ತೆರೆಗೆ ಕಣ್ಣಿಟ್ಟೆ.
ಒಂದೇ ಫಂಕ್ಷನ್ನು, ಸ್ಟ್ಯಾಕಿನ ಮೇಲೆ
ನಾಲ್ಕು ಕೆಬಿಯ ಅರೇ; ಅದನ್ನೇ ಎರಡು ಸಲ ಕರೆದಿದ್ದೇನೆ,
ಒಂದರೊಳಗೊಂದು.
ಕರ್ನಲ್ಲು ಕೊಟ್ಟಿದ್ದೇ ಎಂಟು.
ಸದ್ದಿಲ್ಲದೆ ಒಡೆದಿತ್ತು
ಪಕ್ಕದವರ ಹಣ್ಣು.

ಇನ್ನು ಗೋದಾಮೇ ಗತಿ.
ಅಲ್ಲಿ ಜರೀನಾಬಿ, ಅವಳ ಚೀಟಿ, ಬೀಗದ ಕೈ.
ಜಾಗವಿದ್ದರೆ ಕೊಡುತ್ತಾಳೆ.
ಇಲ್ಲ ಅಂದರೆ ಇಲ್ಲ,
ಆ ಇಲ್ಲಕ್ಕೂ ಒಂದು ಸಾಲು ಬರೆದಿಟ್ಟಿರಬೇಕು.
ಒಮ್ಮೊಮ್ಮೆ "ಸ್ವಲ್ಪ ಕಾಯಿ" ಅನ್ನುತ್ತಾಳೆ;
ಇಂಟರಪ್ಟು ಹಾರ್ನ್ ಹೊಡೆಯುವಾಗ
ತೂಕದ ಮೇಲೆ ನಿಂತು ತೂಕಡಿಸುವ ಹಾಗಿಲ್ಲ.

ಅದಕ್ಕೇ ಡ್ರೈವರು ಏಳುವಾಗಲೇ ಜಾಗ ಕೇಳಿಟ್ಟೆ.
ಹೋಗುವಾಗ ಬಿಡುವ ಸಾಲನ್ನೂ,
ನಡುವೆ ಎಡವಿದರೆ ಬಿಡುವ ಸಾಲನ್ನೂ
ಎರಡೆರಡು ಸಲ ಓದಿದೆ.
ಐದಕ್ಕೆ ಕೆಂಪಂಕಿ ಮಿನುಗಿತು:
ಹನ್ನೊಂದು ಟನ್ನು, ಇನ್ನೂರಾ ನಲವತ್ತು ಕೆಜಿ.
ಮುನಿಸ್ವಾಮಿ ಬೀಡಿ ಹಚ್ಚಿದ.

ಶನಿವಾರ ಜರೀನಾಬಿಯ ಫೋನು.
"ಆವತ್ತು ಬ್ಯಾಗ್ ಇಡೋಕೆ ಅಂತ ಏಳನೇ ಕೋಣೆ ತಗೊಂಡ್ರಲ್ಲ,
ಮೂರು ದಿನದಿಂದ ಖಾಲಿ ಬಿದ್ದೈತೆ,
ಯಾರಿಗೂ ಕೊಡೋಕಾಗ್ತಿಲ್ಲ."

ಜೇಬು ತಡವಿಕೊಂಡೆ.
ತಣ್ಣಗಿತ್ತು, ಬೀಗದ ಕೈ.