ಎಂಟು ಹತ್ತು

ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಹೊತ್ತು ಕಾಯುವವ ನಾನು,
ಇಪ್ಪತ್ತಾರು ವರ್ಷ, ಒಂದು ಸೀಟಿ, ಒಂದು ಕೊಡೆ.
ತಲಪಾಡಿಯದು, ಮುಡಿಪಿನದು, ಕಟೀಲಿನದು, ಸುರತ್ಕಲ್ಲಿನದು
ಎಲ್ಲರ ಪರ್ಮಿಟ್ಟಿನಲ್ಲೂ ಅದೇ ಎಂಟು ಹತ್ತು,
ಎಲ್ಲರ ಕೈಗಡಿಯಾರದಲ್ಲೂ ಬೇರೆ ಬೇರೆ.

ಉಮರಬ್ಬನದು ಮೂವತ್ತು ಸೆಕೆಂಡು ಮುಂದೆ, ಬೇಕೆಂತಲೇ.
ಲ್ಯಾನ್ಸಿಯದು ಹಿಂದೆ, ಇನ್ನೆರಡು ಜನ ಹತ್ತಲಿ ಎಂದು.
‘ಎಂತ ಮಾರಾಯ, ನಿನ್ನ ಎಂಟು ಹತ್ತು ಇನ್ನೂ ಆಗಲಿಲ್ಲವಾ?’
ತುಳುವಿನಲ್ಲಿ ಸುರುವಾದ ಬೈಗುಳ ಕೊಂಕಣಿಯಲ್ಲಿ ಮುಗಿದು
ಒಂದು ನಿಮಿಷಕ್ಕೆ ಕಾಲರ್ ಹರಿದದ್ದೂ ಉಂಟು.

ಮಾಲೀಕರ ಸಂಘದವರು ಎಲ್ಲರಿಗೂ ಮೊಬೈಲು ಹಂಚಿದರು.
ಕಾವೂರಿನ ಹುಡುಗಿ ನಿಶ್ಮಿತಾ
ಚಹಾದ ಗ್ಲಾಸು ಬದಿಗೆ ಸರಿಸಿ ವಿವರಿಸಿದಳು:
ಒಂದು ಫೋನು ಇನ್ನೊಂದನ್ನು ಕೇಳುತ್ತದಂತೆ, ನಿನ್ನಲ್ಲಿ ಗಂಟೆ ಎಷ್ಟು?
ಉತ್ತರ ಬಂದು ಮುಟ್ಟುವಾಗಲೇ ಅದು ಹಳತು.
ಅದಕ್ಕೆ ಹೋಗಿಬಂದ ಹೊತ್ತನ್ನು ಅಳೆದು
ಅರ್ಧ ಮಾಡಿ ಕೂಡಿಸುವುದು.

ಹೋಗುವುದಕ್ಕೂ ಬರುವುದಕ್ಕೂ ಒಂದೇ ಹೊತ್ತೆಂದು
ಅದಕ್ಕೆ ಹೇಗೆ ಗೊತ್ತು, ಅಂದೆ.
ಪಂಪ್‌ವೆಲ್ ದಾಟಿ ತೊಕ್ಕೊಟ್ಟಿಗೆ ಹೋದದ್ದು ಹದಿನೈದು ನಿಮಿಷ,
ಬಂದದ್ದು ಐವತ್ತು. ಬರೆದಿಟ್ಟ ಪುಸ್ತಕ ಉಂಟು.
ಅವಳು ನಕ್ಕಳು. ‘ಗೊತ್ತಿಲ್ಲ ದೂಮಣ್ಣ.
ಹಾಗೆ ಅಂದುಕೊಳ್ಳುವುದು.’

ಯಂತ್ರದ ಬುಡದಲ್ಲೂ ಒಂದು ಅಂದಾಜು ಕೂತಿದೆಯೆಂದು
ನನಗೆ ಆ ದಿನ ಸ್ವಲ್ಪ ಧೈರ್ಯ ಬಂತು.

ಸೋಮವಾರ. ಹನ್ನೊಂದು ಕಿಸೆಯಲ್ಲಿ
ಹನ್ನೊಂದು ಫೋನು ಒಂದೇ ಉಸಿರಿಗೆ ಕೂಗಿದವು.
ಹನ್ನೊಂದು ‘ರೈಟ್ ಪೋಯಿ’.
ಹನ್ನೊಂದು ಇಂಜಿನು.
ಗೇಟು ಒಂದೇ.

ಮೂತಿಗೆ ಮೂತಿ, ಕನ್ನಡಿಗೆ ಕನ್ನಡಿ ತಾಗಿ ನಿಂತವು.
ಯಾರೂ ತಡ ಮಾಡಿದವರಲ್ಲ, ಯಾರೂ ಬೇಗ ಬಿಟ್ಟವರಲ್ಲ,
ಬೈಯೋಣವೆಂದರೆ ಯಾರ ತಪ್ಪೂ ಸಿಗುವುದಿಲ್ಲ.
ಬಂದರಿನ ಕಡೆಯಿಂದ ಬಂದ ಮೀನಿನ ಲಾರಿ
ಹೊರಗೆ ನಿಂತು ನೀರು ಸುರಿಸುತ್ತಿತ್ತು.

ಉಮರಬ್ಬನ ಆ ಮೂವತ್ತು ಸೆಕೆಂಡಿನ ಸುಳ್ಳು,
ಲ್ಯಾನ್ಸಿಯ ಆ ಕಳ್ಳ ನಿಧಾನ
ಇಷ್ಟು ವರ್ಷ ನಮಗೆ ಸಾಲಾಗಿತ್ತು.
ಗೊತ್ತಾದದ್ದು ಆವಾಗ, ಸೀಟಿ ಬಾಯಲ್ಲಿಟ್ಟು
ಕೊಡೆಯ ತುದಿಯಲ್ಲಿ ಒಂದೊಂದೇ ಬಸ್ಸನ್ನು ತೋರಿಸಿ ಬಿಡುವಾಗ.

ಮರುದಿನ ನಿಶ್ಮಿತಾ ಪುನಃ ಬಂದಳು.
ಒಂದೊಂದು ಫೋನಿಗೂ ಒಂದೊಂದು ಚಿಕ್ಕ ತಡ ಹಾಕಿದ್ದಾಳಂತೆ,
ದಿನಾ ಚೀಟಿ ಎತ್ತಿದ ಹಾಗೆ, ಯಂತ್ರವೇ ಎತ್ತುತ್ತದೆ.

ಇವತ್ತು ಉಮರಬ್ಬನಿಗೆ ಕೊನೆಯ ಚೀಟಿ.
ಫೋನನ್ನು ಅಂಗೈಯಲ್ಲಿ ಮುಖದೆದುರು ಹಿಡಿದು
ಬ್ಯಾರಿಯಲ್ಲಿ ಬೈಯುತ್ತಿದ್ದಾನೆ, ಹೆಸರು ಹಿಡಿದು, ಕುಲ ಹಿಡಿದು.
ಅದಕ್ಕೆ ಹೆಸರಿಲ್ಲ.
ಹತ್ತಿರ ಹೋಗಿ ನಿಂತೆ,
ಯಾರಾದರೊಬ್ಬ ಕೇಳಿಸಿಕೊಳ್ಳಬೇಕಲ್ಲ.