ನೀರು ತಾಗದ ಉಪ್ಪು

ಮಡಿಕೇರಿಯಲ್ಲಿ ಕಕ್ಕಡ.
ಲ್ಯಾಬಿನ ನೀಲಿ ಸಿಲಿಕಾ ಜೆಲ್ ಸಂಜೆಗೇ ಗುಲಾಬಿ.
ಆಂಪೂಲಿನೊಳಗೆ ಆರ್ಗಾನ್ ಹೊದ್ದು
ಸಾಸಿವೆಗಿಂತ ತುಸು ದಪ್ಪ ಬಿಳಿ ಮಣಿಗಳು:
ಲಿಥಿಯಂ ಅಯೊಡೈಡ್.
ಚೀಟಿಯಲ್ಲಿ ಒಂಬತ್ತು, ಒಂಬತ್ತು, ಚುಕ್ಕಿ,
ಮತ್ತೆ ಮೂರು ಒಂಬತ್ತು.

ಕತ್ತು ಮುರಿದೆ.
ಕಿಟಕಿ ಸಂದಿಯ ಮಂಜೇ ಸಾಕಾಯಿತು,
ತಕ್ಕಡಿಯ ಅಂಕಿ ನಿಲ್ಲಲೇ ಇಲ್ಲ, ಏರಿತು, ಏರಿತು.
ಮಣಿ ಬೆವರಿ, ಹಳದಿಗಟ್ಟಿ,
ಗಾಜಿನ ಮೇಲೊಂದು ಕಲೆ.
ಎರಡು ತಿಂಗಳ ಅರ್ಜಿ, ಹನ್ನೊಂದು ಸಾವಿರ.

ಒರೆಸಲು ಬಂದ ಅಟೆಂಡರ್ ಪಳಂಗಪ್ಪ ಬಗ್ಗಿ ನೋಡಿದರು:
"ಇದೇ ತಾನೆ ಮೇಡಂ, ನನ್ನ ಪೇಸ್‌ಮೇಕರಿನ ಸೆಲ್ಲಲ್ಲಿ
ಇದೆ ಅಂತ ಡಾಕ್ಟರು ಹೇಳಿದ್ದು?"
ಇದೇ, ಅಂದೆ.

ಒದ್ದೆ ಬಟ್ಟೆ ಕೆಳಗಿಟ್ಟು
ಅಂಗಿಯ ಮೇಲಿಂದಲೇ ಮುಟ್ಟಿ ನೋಡಿಕೊಂಡರು
ಎಡ ಹೆಗಲ ಕೆಳಗಿನ ಪುಟ್ಟ ಉಬ್ಬನ್ನು,
ಊರಿಗೆ ಊರೇ ತೊಯ್ದರೂ
ಒಂಬತ್ತು ಕಕ್ಕಡ
ಒಣಗಿಯೇ ಇದ್ದ ಜಾಗವನ್ನು.