ಮೂರು ಮೂರಕ್ಕೆ ಸಮವಲ್ಲ

ತೆರೆಯ ಮೇಲೆ ಹಾಗೆಂದು ಬಂದಾಗ ಹನ್ನೊಂದೂ ಹತ್ತು.
ಬೋಳಾರದ ಎರಡನೇ ಮಾಳಿಗೆ, ಫ್ಯಾನಿಗೆ ಒಂದೇ ವೇಗ,
ಸಫ್ವಾನ್ ತಂದಿಟ್ಟ ಗೋಳಿಬಜೆ ಆರಿ ಎಣ್ಣೆ ಬಿಟ್ಟಿತ್ತು.
ಕನ್ನಡಕ ಒರೆಸಿ ಮತ್ತೆ ಓದಿದೆ:
ಎಡಗಡೆಯದೂ ಮೂರು, ಬಲಗಡೆಯದೂ ಮೂರು,
ಸಮವೇ?
ಅಲ್ಲ.

ನಾವು ಲೆಕ್ಕ ಹಾಕುತ್ತಿದ್ದದ್ದು ಅಳಿವೆಯ ನೀರನ್ನು.
ಬೆಂಗ್ರೆಯ ದೋಣಿ ಯಾವ ಗಳಿಗೆಗೆ ಮರಳದಿಬ್ಬ ದಾಟಬಹುದು,
ತಳಕ್ಕೂ ಮರಳಿಗೂ ನಡುವೆ ಎಷ್ಟು ಕಡಲು ಉಳಿದೀತು.
ಮೂರು ಮೀಟರಿದ್ದರೆ ಹೋಗು. ಇಲ್ಲದಿದ್ದರೆ ಕಾದಿರು.
ಯಂತ್ರ ಹೇಳಬೇಕಾದ ಮಾತು ಅಷ್ಟೇ.

ಅರ್ಧ ಲೆಕ್ಕ ಜಸಿಂತಾ ಕ್ರಾಸ್ತಾ ಬರೆದಿಟ್ಟುಹೋದ ಲೈಬ್ರರಿಯದು.
ಆಕೆಗೆ ಭಿನ್ನರಾಶಿ ಎಂದರೆ ಕೊಟ್ಟ ಮಾತು.
ಮೂರರಲ್ಲೊಂದು ಎಂದರೆ ಮೂರರಲ್ಲೊಂದೇ,
ಮೇಲೊಂದು ಅಂಕಿ, ಕೆಳಗೊಂದು ಅಂಕಿ, ನಡುವೆ ಗೆರೆ,
ಎಷ್ಟು ಕೂಡಿದರೂ ಕಳೆದರೂ ಒಂದು ಚೂರೂ ಸೋರದು.
ಉಳಿದರ್ಧ ಹೊರಗಿನಿಂದ ತರಿಸಿದ್ದು, ಭಾರೀ ಚುರುಕು.
ಸಂಖ್ಯೆ ಬಂದ ಕೂಡಲೇ ಹಲಗೆಯ ಮೇಲೆಳೆದು
ಹದಿನಾರನೇ ಅಂಕಿಯ ಹತ್ತಿರ ಬಾಲ ಕತ್ತರಿಸಿ
ಬುಟ್ಟಿಗೆಸೆದು, ಮುಂದಿನದು ಎನ್ನುತ್ತದೆ.

ಎರಡನ್ನೂ ಕೂಡಿಸಹೋದರೆ ಮೊದಲು ಸಿಕ್ಕ ಜವಾಬು:
ಇದು ಯಾವ ಜಾತಿ, ನನಗೆ ಗುರುತಿಲ್ಲ.
(ಪ್ರಕಾರ ಎನ್ನಬೇಕು. ಆದರೆ ಆ ಹೊತ್ತಿನಲ್ಲಿ
ಸಂಖ್ಯೆಗೂ ಜಾತಿ ಕೇಳಿದರಲ್ಲ ಎಂದೇ ನಮಗನಿಸಿದ್ದು.)

ಎಲ್ಲವನ್ನೂ ದಶಮಾಂಶ ಮಾಡಿಬಿಡು, ಮನೆಗೆ ಹೋಗುವ, ಅಂದ ಸಫ್ವಾನ್.
ಮಾಡಿದೆ. ಜಗಳ ನಿಂತಿತು. ಲೆಕ್ಕ ಓಡಿತು,
ಚಿಲ್ಲರೆ ಇಲ್ಲವೆಂದು ಸ್ಟೇಟ್‌ಬ್ಯಾಂಕ್ ಬಸ್ಸಿನ ಕಂಡಕ್ಟರು
ಒಂದು ರೂಪಾಯಿಗೆ ಪೆಪ್ಪರ್‌ಮಿಂಟು ಕೈಗಿಟ್ಟ ಹಾಗೆ.
ಆಮೇಲೆ ಬಂದದ್ದು ಈ ಸಾಲು.
ಒಂದು ಮೂರು ನಿಜಕ್ಕೂ ಮೂರು,
ಇನ್ನೊಂದು ಎರಡು ಬಿಂದು ಒಂಬತ್ತು ಒಂಬತ್ತು ಒಂಬತ್ತು,
ನಾಲಿಗೆ ದಣಿಯುವಷ್ಟು ಒಂಬತ್ತು,
ತೆರೆಗೆ ಮಾತ್ರ ಮೂರೆಂದು ಮುಖ ತೋರಿಸುತ್ತ.
ಕೂದಲನ್ನು ಕೋಟಿ ಸೀಳಿದರೂ ಕಾಣದ ಆ ಕೊರತೆಗೆ
ಯಂತ್ರ ಹೇಳಿತು: ಕಾದಿರು.
ಒಂದಿಡೀ ಭರತ ಹಾಗೇ ಇಳಿದುಹೋಗುತ್ತಿತ್ತು.

ಬೆಳಿಗ್ಗೆ ನಿದ್ದೆಗಣ್ಣಲ್ಲೇ ದಕ್ಕೆಗೆ ನಡೆದೆ.
ಗುಲಾಬಿ ಕೋಟ್ಯಾನ್ ಬಂಗುಡೆ ಸುರುವಿಕೊಂಡು ಕೂತಿದ್ದಳು.
ಕುದ್ರೋಳಿಯ ಮಮ್ಮುಂಞಿ ಬಂದು ಅಂಜಿ ಎಂದ.
ಅವನ ಬ್ಯಾರಿಯಲ್ಲಿ ಅದು ಐದು.
ಅವಳ ತುಳುವಿನಲ್ಲಿ ಒಂಜಿ ಎಂದರೆ ಒಂದು.
ಐಸು ಪುಡಿಯಾಗುವ ಆ ಸದ್ದಿನಲ್ಲಿ
ಅ ಯಾವುದು, ಒ ಯಾವುದು?
ಅವಳು ಗೊಣಗಲಿಲ್ಲ, ಅವನನ್ನು ತಿದ್ದಲಿಲ್ಲ,
ಒದ್ದೆ ಕೈ ಎತ್ತಿ ಐದೂ ಬೆರಳು ಬಿಡಿಸಿದಳು.
ಅವನು ತಲೆಯಾಡಿಸಿದ.
ಐದು ಪಾಲು ತುಂಬಿ, ಮೇಲೆರಡು ಸಣ್ಣ ಬಂಗುಡೆ ಎಸೆದಳು.
ಕೊಸರು.

ಮಧ್ಯಾಹ್ನ ಕೂತು ಹನ್ನೆರಡು ಸಾಲು ಬರೆದೆ.
ಯಾರ ಬಾಯಿಂದಲೂ ಅವರ ಅಂಕಿ ಕಿತ್ತುಕೊಳ್ಳದೆ,
ಕೂಡುವ ಮೊದಲು ನೀನ್ಯಾರು ಎಂದು ಕೇಳುವ ಹೊಸ್ತಿಲು.
ಕೇಳಿದಾಗ ತಿಳಿಯಿತು, ಆ ಬಾಲವಿಲ್ಲದ ದಶಮಾಂಶದ ಹೊಟ್ಟೆಯಲ್ಲೂ
ಅಪ್ಪಟ ಭಿನ್ನರಾಶಿಯೊಂದಿದೆ,
ಛೇದದಲ್ಲಿ ಎರಡು, ಎರಡರ ಎರಡು, ಅದರ ಎರಡು,
ಐವತ್ತು ಮೆಟ್ಟಿಲಿನಷ್ಟು ಎರಡು.
ಜಸಿಂತಾ ಎಳೆದ ಗೆರೆಯ ಪಕ್ಕ ಅದು ತಕರಾರಿಲ್ಲದೆ ಕೂತಿತು.
ಕಡಿದ ಬಾಲ ಮಾತ್ರ ಮತ್ತೆ ಚಿಗುರದು.
ಅದಕ್ಕೆಂದೇ ಹೋಲಿಸುವ ಕಡೆ ಒಂದು ತೀರ ಸಣ್ಣ ಅಂಕಿಯಿಟ್ಟು
ಕೊಸರು ಎಂದು ಹೆಸರು ಕೊಟ್ಟೆ.
ಇಷ್ಟರೊಳಗಿನ ಕೊರತೆಯನ್ನು ಕೊರತೆ ಎನ್ನಬಾರದು.
ಯಂತ್ರ ಏನೂ ಅನ್ನಲಿಲ್ಲ. ಅದು ಒಪ್ಪುವ ರೀತಿ ಹಾಗೆ.

ಸಂಜೆ ತಾಂಡೇಲ ವಾಮನ ಸಾಲ್ಯಾನನಿಗೆ ಫೋನಿನಲ್ಲಿ ತೋರಿಸಿದೆ.
ಮೂಜಿ? ಎಂದ. ಮೂರು, ಎಂದೆ.
ಕಡಿಮೆ ಇಲ್ಲವಲ್ಲ?
ಹೇಗೆ ಹೇಳಲಿ. ಕೊಸರು ಇದೆ, ಎಂದೆ.
ನಕ್ಕ. ಫೋನು ಹಿಂದೆ ಕೊಟ್ಟು
ಬಿದಿರ ಗಳವನ್ನು ನೀರಿಗಿಳಿಸಿ ಎತ್ತಿ
ಒದ್ದೆ ನಿಂತ ಗುರುತಿಗೆ ಹೆಬ್ಬೆರಳಿಟ್ಟು ನೋಡಿದ.